ಕೊಲೆಗಾರ ಸಿಕ್ಕಿದ ಮೇಲೆ

ಕೊಲೆಯ ರಹಸ್ಯವನ್ನು ಕಥೆ ಮಾಡುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವುದು ಬಾಗಿಲು ಮುಚ್ಚಿದ ಒಂದು ಮನೆ. ಒಳಗಿದ್ದವರಿಗೆ ಹೊರಗೆ ಹೋಗಲು ದಾರಿ ಇರಬಾರದು. ಹೊರಗಿನವರಿಗೆ ಒಳಗೆ ಬರಲು ಆಗಬಾರದು. ಆಗ ಮಾತ್ರ ‘ಕೊಲೆಗಾರ ನಮ್ಮೊಳಗೊಬ್ಬ’ ಎಂಬ ಭಯ ಓದುವವರನ್ನು ಹಿಡಿಯುತ್ತದೆ. 1939ರಲ್ಲಿ ಅಗಾಥಾ ಕ್ರಿಸ್ಟಿ ಇದಕ್ಕೆಂದು ಪುಟ್ಟ ದ್ವೀಪವೊಂದನ್ನು ಆರಿಸಿಕೊಂಡರು. ಅದಕ್ಕೆ ಒಂದು ವರ್ಷ ಮೊದಲೇ ಜಾನ್ ಕ್ಯಾಂಬೆಲ್ ಎಂಬ ಅಮೆರಿಕದ ಲೇಖಕರು ಇನ್ನೂ ಭದ್ರವಾಗಿ ಮುಚ್ಚಿದ ಜಾಗವನ್ನು ಕಂಡುಕೊಂಡಿದ್ದರು: ಅಂಟಾರ್ಕ್ಟಿಕದ ಹಿಮದ ನಡುವಿನ ಸಂಶೋಧನಾ ಕೇಂದ್ರ. ಆ ಕಥೆಯಿಂದ 1982ರಲ್ಲಿ ‘ದಿ ಥಿಂಗ್’ ಚಲನಚಿತ್ರ ಬಂತು. 2020ರಲ್ಲಿ ಬಂದ ‘ದಿ ಹೆಡ್’ ಎಂಬ ಧಾರಾವಾಹಿಯೂ ಅದೇ ಹಿಮದಲ್ಲಿ ನಡೆಯುತ್ತದೆ. ಆರು ತಿಂಗಳ ಕತ್ತಲೆ ಕಳೆದು ಕೇಂದ್ರದ ಮುಖ್ಯಸ್ಥ ಹಿಂದಿರುಗುತ್ತಾನೆ. ಒಳಗಿದ್ದವರಲ್ಲಿ ಹೆಚ್ಚಿನವರು ಸತ್ತಿದ್ದಾರೆ, ಉಳಿದವರು ಕಾಣೆಯಾಗಿದ್ದಾರೆ. ಅವನ ಹೆಂಡತಿಯ ಸುಳಿವೂ ಇಲ್ಲ. ಬದುಕಿ ಉಳಿದವರು ಹೇಳುವ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೊನೆ ಏನಾಯಿತೆಂದು ಇಲ್ಲಿ ಹೇಳುವುದು ಬೇಡ. ನೋಡದವರ ಕುತೂಹಲ ಕೆಡಿಸುವುದೇಕೆ?

ಪ್ರಿಯ ಓದುಗರೇ, ಇಂತಹ ಕಥೆಗಳನ್ನು ಓದುವುದರಲ್ಲಾಗಲಿ ನೋಡುವುದರಲ್ಲಾಗಲಿ ತಪ್ಪೇನೂ ಇಲ್ಲ. ಆದರೆ ಅವೆಲ್ಲ ನಮಗೆ ಒಂದು ಸುಳ್ಳು ಭರವಸೆ ಕೊಡುತ್ತವೆ. ಕೊಲೆಗಾರ ಯಾರೆಂದು ಗೊತ್ತಾಯಿತು, ವಿಮಾನ ಬಂತು, ಕಥೆ ಮುಗಿಯಿತು! ನಿಜವಾದ ಹಿಮಕೇಂದ್ರಗಳಲ್ಲಿ ನಡೆದುದನ್ನು ನೋಡಿದರೆ, ಕಷ್ಟದ ಪ್ರಶ್ನೆ ಶುರುವಾಗುವುದೇ ಅಪರಾಧಿ ಯಾರೆಂದು ತಿಳಿದ ಮೇಲೆ. ಮರುದಿನ ಬೆಳಿಗ್ಗೆ ಅದೇ ಮೇಜಿನಲ್ಲಿ ಅವನ ಎದುರು ಕುಳಿತು ತಿಂಡಿ ತಿನ್ನಬೇಕಲ್ಲ?

ಕೆಲವೊಮ್ಮೆ ಯಾರೆಂಬುದೇ ತಿಳಿಯುವುದಿಲ್ಲ. 2000ದ ಮೇ ತಿಂಗಳಲ್ಲಿ ದಕ್ಷಿಣ ಧ್ರುವದ ಅಮುಂಡ್ಸೆನ್-ಸ್ಕಾಟ್ ಕೇಂದ್ರದಲ್ಲಿ 32 ವರ್ಷದ ಆಸ್ಟ್ರೇಲಿಯಾದ ಖಗೋಳ ವಿಜ್ಞಾನಿಯೊಬ್ಬರು ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದು ತೀರಿಕೊಂಡರು. ಚಳಿಗಾಲದಲ್ಲಿ ಅಲ್ಲಿಗೆ ವಿಮಾನವಿಲ್ಲ. ಶವ ನ್ಯೂಜಿಲೆಂಡಿಗೆ ಬಂದದ್ದು ಸುಮಾರು ಆರು ತಿಂಗಳ ನಂತರ. ಪರೀಕ್ಷಿಸಿದಾಗ ಮೆಥನಾಲ್ ಎಂಬ ವಿಷ ಪತ್ತೆಯಾಯಿತು. ಅದು ಹೇಗೆ ಹೊಟ್ಟೆ ಸೇರಿತೆಂಬುದು 2008ರ ಹೊತ್ತಿಗೆ ವಿಚಾರಣೆ ಮುಗಿದಾಗಲೂ ನಿರ್ಧಾರವಾಗಲಿಲ್ಲ. ಪತ್ರಿಕೆಗಳು ‘ಧ್ರುವದ ಮೊದಲ ಕೊಲೆ’ ಎಂದು ಬರೆದವು. ಕೊಲೆಯೆಂದು ಯಾರೂ ಸಾಬೀತು ಮಾಡಲಿಲ್ಲ. ಅಲ್ಲಿ ಚಳಿಗಾಲ ಕಳೆದ ಐವತ್ತರಷ್ಟು ಜನರ ಮೇಲೆ ಸುಮ್ಮನೆ ಒಂದು ಸಂಶಯದ ನೆರಳು ಬಿತ್ತು. ಸಂಶಯವನ್ನು ಮನರಂಜನೆ ಮಾಡಿಕೊಂಡ ನಾವು ಇದನ್ನೂ ಸ್ವಲ್ಪ ಯೋಚಿಸಬೇಕು.

ರಷ್ಯಾದ ಬೆಲ್ಲಿಂಗ್ಸ್‌ಹೌಸೆನ್ ಕೇಂದ್ರದ ಸಂಗತಿ ಬೇರೆ. ಅಲ್ಲಿ ರಹಸ್ಯವೇ ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ಒಬ್ಬ ಎಂಜಿನಿಯರ್ ತನ್ನ ಜೊತೆಗಾರನಾದ ವೆಲ್ಡರನ ಎದೆಗೆ ಚಾಕು ಹಾಕಿದ. ಇಬ್ಬರೂ ಐವತ್ತು ದಾಟಿದವರು, ತಿಂಗಳುಗಟ್ಟಲೆ ಒಂದೇ ಸೂರಿನಡಿ ಇದ್ದವರು. ತಾನು ಓದುತ್ತಿದ್ದ ಪುಸ್ತಕಗಳ ಕೊನೆಯನ್ನು ಆತ ಮೊದಲೇ ಹೇಳಿಬಿಡುತ್ತಿದ್ದನೆಂದು ಸಿಟ್ಟಿಗೆದ್ದು ಇರಿದನೆಂಬ ಕಥೆ ಪ್ರಪಂಚವೆಲ್ಲ ಸುತ್ತಿತು. ಅದು ದೃಢಪಟ್ಟ ಮಾತಲ್ಲ. ಆದರೆ ಓದಿ ನಕ್ಕವರೇ ಹೆಚ್ಚು. ಗಾಯಗೊಂಡವನನ್ನು ಚಿಲಿ ದೇಶಕ್ಕೆ ಸಾಗಿಸಿದರು, ಆತ ಬದುಕಿದ. ಇರಿದವನು ತಾನಾಗಿ ಶರಣಾದ, ಅವನನ್ನು ರಷ್ಯಾಕ್ಕೆ ಕರೆದೊಯ್ದರು. 2019ರಲ್ಲಿ ಇಬ್ಬರೂ ರಾಜಿಯಾದ ಕಾರಣ ಸೇಂಟ್ ಪೀಟರ್ಸ್‌ಬರ್ಗಿನ ನ್ಯಾಯಾಲಯ ಮೊಕದ್ದಮೆಯನ್ನು ಕೈಬಿಟ್ಟಿತು. ಆ ಕೇಂದ್ರದ ಪಕ್ಕದ ದಿಬ್ಬದ ಮೇಲೆ 2004ರಲ್ಲಿ ಅಭಿಷೇಕಗೊಂಡ ಒಂದು ಮರದ ದೇವಾಲಯವಿದೆ, ಪವಿತ್ರ ತ್ರಿತ್ವದ ಹೆಸರಿನದು. ರಷ್ಯಾದಲ್ಲೇ ಕಟ್ಟಿ, ಬಿಚ್ಚಿ, ಹಡಗಿನಲ್ಲಿ ತಂದು ಅಲ್ಲಿ ಮತ್ತೆ ಜೋಡಿಸಿದ್ದು.

ಎಂತಹ ಒಳ್ಳೆಯ ಅಂತ್ಯ ಎಂದು ನಮಗೆ ಅನ್ನಿಸುತ್ತದೆ. ಇರಿಸಿಕೊಂಡವನು ಕ್ಷಮಿಸಿದ, ಪ್ರಕರಣ ಮುಗಿಯಿತು. ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರನು ಕೇಳಿದಾಗ ಸ್ವಾಮಿ ಲೆಕ್ಕವನ್ನೇ ಇಡಲಿಲ್ಲವಷ್ಟೆ? ಆದರೆ ಆ ಕ್ಷಮೆ ಬಂದ ಕ್ರಮವನ್ನು ಗಮನಿಸಿ. ಮೊದಲು ಅವರಿಬ್ಬರನ್ನೂ ಬೇರೆ ಮಾಡಲಾಯಿತು. ಗಾಯ ಮಾಯಿತು. ಸತ್ಯವನ್ನು ಯಾರೂ ಮುಚ್ಚಿಡಲಿಲ್ಲ. ಇಷ್ಟೆಲ್ಲ ಆದ ನಂತರ, ಬೇಡ ಎನ್ನುವ ಸ್ವಾತಂತ್ರ್ಯವೂ ಇದ್ದಾಗ, ಆತ ರಾಜಿಗೆ ಒಪ್ಪಿದ. ಅದೇ ಕೋಣೆಯಲ್ಲಿ, ಅದೇ ಚಾಕು ಇದ್ದ ಅಡಿಗೆಮನೆಯ ಪಕ್ಕದಲ್ಲಿ, ಹಡಗು ಬರುವ ತನಕ ಬೇರೆ ಗತಿಯಿಲ್ಲವೆಂದು ‘ಆಯಿತು, ಬಿಟ್ಟೆ’ ಎಂದಿದ್ದರೆ ಅದನ್ನು ಕ್ಷಮೆ ಎನ್ನಬಹುದೇ?

ಈ ಪ್ರಶ್ನೆ ನಿಜವಾಗಿಯೂ ಎದುರಾದದ್ದು 2025ರ ಮಾರ್ಚಿನಲ್ಲಿ. ದಕ್ಷಿಣ ಆಫ್ರಿಕದ ಸಾನೆ-4 ಎಂಬ ಕೇಂದ್ರದಿಂದ ತಂಡದ ಸದಸ್ಯರೊಬ್ಬರು ಸಹಾಯ ಕೇಳಿ ಪತ್ರ ಬರೆದರು. ಜೊತೆಗಿರುವ ಒಬ್ಬನು ಹಲ್ಲೆ ಮಾಡಿದ್ದಾನೆ, ಬೆದರಿಕೆ ಹಾಕಿದ್ದಾನೆ, ನಮಗೆ ಭಯವಾಗುತ್ತಿದೆ ಎಂಬುದು ಪತ್ರದ ಸಾರ. ತಂಡದಲ್ಲಿ ಇದ್ದವರು ಹತ್ತರ ಆಸುಪಾಸು ಜನ. ತಾಯ್ನಾಡು 4,000 ಕಿಲೋಮೀಟರಿಗೂ ದೂರ. ತಂಡವನ್ನು ಕರೆತರುವ ಹಡಗು ಹೋಗುವುದು ವರ್ಷದ ಕೊನೆಗೆ. ಜಗಳ ಹುಟ್ಟಿದ್ದು ಯಾವುದೋ ಕೆಲಸದ ವಿಷಯದಲ್ಲಿ ಎಂದು ಸಚಿವರು ತಿಳಿಸಿದರು. ಆಪಾದಿತನು ಪಶ್ಚಾತ್ತಾಪಪಟ್ಟಿದ್ದಾನೆ, ನೊಂದವರಿಗೆ ಲಿಖಿತವಾಗಿ ಕ್ಷಮೆ ಕೇಳಿದ್ದಾನೆ, ಮನೋವೈದ್ಯಕೀಯ ಪರೀಕ್ಷೆಗೂ ಒಪ್ಪಿದ್ದಾನೆ ಎಂದು ಸರ್ಕಾರ ಹೇಳಿತು. ತಂಡ ಅಲ್ಲೇ ಉಳಿಯಿತು.

ಆ ಪತ್ರದಲ್ಲಿ ಕಪಟವಿತ್ತೆಂದು ನಾನು ಹೇಳುತ್ತಿಲ್ಲ. ಪಶ್ಚಾತ್ತಾಪ ನಿಜವೇ ಇರಬಹುದು. ಆದರೂ ಪಡೆದುಕೊಂಡವರ ಸ್ಥಿತಿಯನ್ನು ಊಹಿಸಿ. ‘ಕ್ಷಮಿಸಲಾರೆ’ ಎಂದರೆ ಎಲ್ಲಿಗೆ ಹೋಗುವುದು? ಹೊರಗೆ ಗಾಳಿ, ಹಿಮ. ಒಳಗೆ ಅವನು. ಕ್ಷಮೆ ಎಂಬುದು ಕೊಡುವವರ ಕೈಯಲ್ಲಿರುವ ದಾನ. ಕೊಡದಿದ್ದರೆ ಉಳಿಗಾಲವಿಲ್ಲ ಎಂಬ ಸ್ಥಿತಿಯಲ್ಲಿ ಕಿತ್ತುಕೊಂಡದ್ದನ್ನು ದಾನವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಆದಿಕಾಂಡದ ಮೊದಲ ಕೊಲೆಯನ್ನು ನೆನಪಿಸಿಕೊಳ್ಳೋಣ. ಅಲ್ಲಿಯೂ ರಹಸ್ಯವಿಲ್ಲ. ಕೊಂದವನು ಯಾರೆಂದು ಸರ್ವೇಶ್ವರ ಕೇಳುವುದಿಲ್ಲ. ತಮ್ಮ ಎಲ್ಲಿ ಎಂದು ಕಾಯಿನನನ್ನು ಕೇಳುತ್ತಾರೆ. ಮಾತು ಶುರುವಾಗುವುದು ಪೆಟ್ಟು ತಿಂದವನಿಂದ. ಆಮೇಲೆ ಕಾಯಿನನಿಗೆ ಎರಡು ಸಂಗತಿಗಳು ಒಟ್ಟಿಗೆ ಆಗುತ್ತವೆ. ಹೇಬೆಲನ ರಕ್ತ ಬಿದ್ದ ನೆಲದಿಂದ ಅವನು ದೂರ ಹೋಗಬೇಕು. ಯಾರೂ ಅವನನ್ನು ಕೊಲ್ಲದಂತೆ ಅವನ ಮೇಲೆ ಗುರುತನ್ನೂ ಇಡಲಾಗುತ್ತದೆ. ದೂರ ಕಳುಹಿಸಿದ್ದನ್ನು ನಾವು ಶಿಕ್ಷೆ ಎನ್ನುತ್ತೇವೆ, ಗುರುತನ್ನು ಕರುಣೆ ಎನ್ನುತ್ತೇವೆ. ನನಗೆ ಎರಡೂ ಕರುಣೆಯಾಗಿಯೇ ಕಾಣುತ್ತವೆ. ಆದಾಮ, ಹವ್ವರು ದಿನವೂ ಆ ಮಗನ ಮುಖ ನೋಡುತ್ತಾ ಉಣ್ಣುವಂತೆ ದೇವರು ಬಲವಂತ ಮಾಡಲಿಲ್ಲ.

ಹಾಗೆಂದು ಅಪರಾಧಿಯ ಸ್ಥಿತಿಯನ್ನು ತೂಗಿ ನೋಡಬಾರದೆಂದಲ್ಲ. 1970ರ ಜುಲೈ 16ರಂದು ಆರ್ಕ್ಟಿಕ್ ಸಾಗರದಲ್ಲಿ ತೇಲುತ್ತಿದ್ದ ಟಿ-3 ಎಂಬ ಹಿಮದ್ವೀಪದ ಮೇಲೆ, ಅಮೆರಿಕದ ಸಂಶೋಧನಾ ಕೇಂದ್ರದಲ್ಲಿ, ಒಂದು ಸಾವಾಯಿತು. ಅಲ್ಲಿದ್ದವರು 19 ಜನ. ಜಗಳ ಒಣದ್ರಾಕ್ಷಿಯಿಂದ ಮನೆಯಲ್ಲೇ ಮಾಡಿದ ಮದ್ಯದ ಬಗ್ಗೆ! ಕುಡಿದಾಗ ಮಾಂಸ ಕಡಿಯುವ ಕತ್ತಿ ಹಿಡಿದು ಬರುತ್ತಿದ್ದ ಒಬ್ಬನಿಗೆ ಹೆದರಿ ಇನ್ನೊಬ್ಬನು ಬಂದೂಕು ತಂದ. ಮಾತಿನ ನಡುವೆ ಗುಂಡು ಹಾರಿ ಸತ್ತದ್ದು ಮೂರನೆಯವನು, ಕೇಂದ್ರದ ವ್ಯವಸ್ಥಾಪಕ. ಬಂದೂಕೋ, ಕುದುರೆ ಎಳೆಯದೆಯೇ ಹಾರುವಂತಹ ಕೆಟ್ಟ ಬಂದೂಕು. ಕೆಳಗಿನ ನ್ಯಾಯಾಲಯ ಅವನನ್ನು ಅಪರಾಧಿ ಎಂದಿತು. 1972ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ಪೊಲೀಸರಿಲ್ಲದ, ವೈದ್ಯಕೀಯ ಸೌಲಭ್ಯವಿಲ್ಲದ, ಬಾಗಿಲುಗಳಿಗೆ ಬೀಗವೂ ಇಲ್ಲದ ಜಾಗದಲ್ಲಿ ಒಬ್ಬ ಮನುಷ್ಯನ ಎಚ್ಚರವನ್ನು ಅಳೆಯುವಾಗ ಆ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಅದರ ಅಭಿಪ್ರಾಯ. ಮರುವಿಚಾರಣೆಯಲ್ಲಿ ಅವನ ಬಿಡುಗಡೆಯಾಯಿತು. ಹೊರಗಿನ ಜಗತ್ತಿಗೆ ಬಂದ ಮೇಲೆ, ಗಾಬರಿ ಇಳಿದ ಮೇಲೆ, ಅಪರಿಚಿತರು ಕುಳಿತು ತೂಗಿದ್ದರಿಂದ ಅದು ಸಾಧ್ಯವಾಯಿತು.

ಬಾಗಿಲಿಗೆ ಬೀಗವಿಲ್ಲದ ಆ ಗುಡಿಸಲುಗಳ ವಿಷಯ ಓದುವಾಗ ನಮ್ಮ ನಡುವಿನ ಕೆಲವು ಮನೆಗಳು ಕಣ್ಣೆದುರು ಬರುತ್ತವೆ. ಅಲ್ಲಿ ಹಿಮವಿಲ್ಲ, ಬಸ್ಸು ಅರ್ಧ ಗಂಟೆಗೊಂದು ಇದೆ. ಆದರೂ ಹೊಡೆತ ತಿಂದ ಹೆಂಡತಿಗೆ ಹೋಗಲು ಜಾಗವಿಲ್ಲ. ತವರಿಗೆ ಬಂದರೆ ‘ಗಂಡಸಿನ ಸಿಟ್ಟು, ಇವತ್ತು ಇದ್ದದ್ದು ನಾಳೆ ಇರುವುದಿಲ್ಲ, ಹೊಂದಿಕೊಂಡು ಹೋಗಮ್ಮಾ’ ಎನ್ನುತ್ತಾರೆ. ಅಣ್ಣನ ಹೆಂಡತಿ ಒಂದು ವಾರ ಸುಮ್ಮನಿರುತ್ತಾಳೆ, ಎರಡನೆಯ ವಾರ ಪಾತ್ರೆ ಸದ್ದು ಮಾಡುತ್ತಾಳೆ. ಧರ್ಮಕೇಂದ್ರದ ಹಿರಿಯರು ಇಬ್ಬರನ್ನೂ ಕೂರಿಸಿ, ಗಂಡನಿಂದ ‘ಇನ್ನು ಮುಂದೆ ಇಲ್ಲ’ ಎಂಬ ಮಾತು ಪಡೆದು, ಅವಳಿಂದ ‘ಕ್ಷಮಿಸಿದೆ’ ಎಂಬ ಮಾತೂ ಪಡೆದು, ಅದೇ ಸಂಜೆ ಇಬ್ಬರನ್ನೂ ಒಂದೇ ಆಟೋದಲ್ಲಿ ಕಳುಹಿಸಿಕೊಡುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಕುಟುಂಬ ಒಡೆಯಬಾರದೆಂಬ ಕಾಳಜಿ ನಮ್ಮೆಲ್ಲರದೂ ಹೌದು. ಆದರೆ ಆ ಆಟೋದಲ್ಲಿ ಕುಳಿತವಳು ಯಾವ ಸ್ವಾತಂತ್ರ್ಯದಿಂದ ಆ ಮಾತು ಹೇಳಿದಳು?

ನಮ್ಮ ದೇಶದ 2005ರ ಕೌಟುಂಬಿಕ ಹಿಂಸಾಚಾರದ ಕಾಯಿದೆಯಲ್ಲಿ ಒಂದು ಅಂಶವಿದೆ. ಬಹಳ ಮಂದಿಗೆ ಅದು ಗೊತ್ತಿಲ್ಲ. ಮನೆ ಯಾರ ಹೆಸರಿನಲ್ಲೇ ಇರಲಿ, ತಾನು ಬಾಳುತ್ತಿರುವ ಮನೆಯಲ್ಲಿ ಇರುವ ಹಕ್ಕು ಹೆಂಗಸಿಗೆ ಇದೆ; ಅಗತ್ಯ ಕಂಡರೆ, ಹಿಂಸೆ ಮಾಡಿದ ಗಂಡಸು ಆ ಮನೆಯಿಂದ ಹೊರಗಿರಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಹೊರಗೆ ಹೋಗಬೇಕಾದವನು ಹೊಡೆದವನು. ಅವನನ್ನು ಯಾರೂ ಕೊಲ್ಲುತ್ತಿಲ್ಲ, ಊರು ಬಿಡಿಸುತ್ತಿಲ್ಲ. ಅವನು ಗುರುಗಳ ಬಳಿಗೆ ಹೋಗಿ ಪಾಪನಿವೇದನೆ ಮಾಡಬಹುದು, ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಬಹುದು, ಹೆಂಡತಿಗೆ ಪತ್ರ ಬರೆಯಬಹುದು. ಆ ಪತ್ರವನ್ನು ಅವಳು ಒಳಗಿನಿಂದ ಚಿಲಕ ಹಾಕಿಕೊಂಡು, ಮಕ್ಕಳು ಮಲಗಿದ ಮೇಲೆ, ತನಗೆ ಬೇಕಾದಷ್ಟು ಹೊತ್ತು ಓದಲಿ. ಉತ್ತರ ಬರೆಯಲು ಒಂದು ವರ್ಷ ಹಿಡಿದರೆ ಹಿಡಿಯಲಿ.