ಎಲ್ಲರ ನುಡಿಯ ಅನಾರ್ಕಲಿ

ಕಥೆ ಒಂದೇ. ಮೊಗಲ್ ರಾಜಕುಮಾರ ಸಲೀಮ್, ಅರಮನೆಯ ನರ್ತಕಿ ಅನಾರ್ಕಲಿ, ಇಬ್ಬರ ನಡುವೆ ಅಡ್ಡ ನಿಂತ ಅಕ್ಬರ್ ಬಾದಶಹ. 1928ರಲ್ಲಿ ಮುಂಬಯಿಯ ಇಂಪೀರಿಯಲ್ ಫಿಲ್ಮ್ ಕಂಪನಿ ಇದನ್ನು ಮೂಕಿಚಿತ್ರವಾಗಿ ತೆಗೆದಾಗ ಅನಾರ್ಕಲಿಯಾದವರು ಸುಲೋಚನಾ. 1935ರಲ್ಲಿ ಅದೇ ಕಥೆ ಟಾಕಿಯಾಗಿ ಬಂತು. ಆಗಲೂ ಅನಾರ್ಕಲಿ ಅವರೇ. 1953ರಲ್ಲಿ ನಂದಲಾಲ್ ಜಸ್ವಂತಲಾಲ್ ಅದನ್ನು ಮತ್ತೆ ತೆರೆಗೆ ತಂದರು. ಈ ಸಲ ಅನಾರ್ಕಲಿ ಬೀನಾ ರಾಯ್. ಆದರೆ ಸುಲೋಚನಾ ಅಲ್ಲಿಯೂ ಇದ್ದರು, ಸಲೀಮನ ತಾಯಿ ಜೋಧಾಬಾಯಿಯಾಗಿ. ಎರಡು ಸಲ ಸಲೀಮನನ್ನು ಪ್ರೀತಿಸಿದಾಕೆ ಮೂರನೆಯ ಸಲಕ್ಕೆ ಅವನ ಹೆತ್ತಮ್ಮ. ನಮ್ಮ ಪುರಾಣಗಳಲ್ಲಿ ಇಂಥ ಅದಲುಬದಲಿಗೆ ಜನ್ಮಾಂತರಗಳು ಬೇಕು. ಸಿನಿಮಾ 25 ವರ್ಷಗಳಲ್ಲಿ ಮುಗಿಸಿಬಿಟ್ಟಿತು.

ಇದು ಸೋಜಿಗವೇ, ಅನುಮಾನವಿಲ್ಲ. ಆದರೆ ಯೋಚಿಸುತ್ತ ಹೋದಂತೆ ಇದಕ್ಕಿಂತ ದೊಡ್ಡ ಸೋಜಿಗ 1928ರ ಆ ಮೊದಲನೆಯ ಅನಾರ್ಕಲಿಯಲ್ಲೇ ಇದೆ ಅನಿಸುತ್ತದೆ.

ಸುಲೋಚನಾ ಎಂಬುದು ತೆರೆಯ ಹೆಸರು. ಹುಟ್ಟಿದ ಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯಲ್ಲಿ, ಬಾಗ್ದಾದ್ ಮೂಲದ ಯಹೂದಿ ಮನೆತನದಲ್ಲಿ ಹುಟ್ಟಿದವರು. (ಹಿಂದಿ ಮತ್ತು ಮರಾಠಿ ಚಿತ್ರಗಳಲ್ಲಿ ತಾಯಿಯ ಪಾತ್ರಗಳಿಂದ ಮನೆಮಾತಾದ ಸುಲೋಚನಾ ಲಾಟ್ಕರ್ ಬೇರೆ, ಇವರು ಬೇರೆ.) ಸಿನಿಮಾಕ್ಕೆ ಬರುವ ಮೊದಲು ಅವರು ಟೆಲಿಫೋನ್ ಆಪರೇಟರ್ ಆಗಿದ್ದರು. ಆ ಕೆಲಸದಲ್ಲಿ ದನಿಗಷ್ಟೇ ಬೆಲೆ. ದಿನವಿಡೀ ಕೇಳಿಸಿಕೊಳ್ಳುವ ಗಿರಾಕಿಗಳು ಎಷ್ಟು ಮಂದಿಯೋ, ಆ ಮುಖವನ್ನು ಕಂಡವರು ಒಬ್ಬರೂ ಇಲ್ಲ. ಕೋಹಿನೂರ್ ಕಂಪನಿಯ ನಿರ್ದೇಶಕ ಮೋಹನ್ ಭವನಾನಿ ಪಾತ್ರ ಮಾಡಲು ಕರೆದಾಗ ಅವರು ಮೊದಲು ಒಲ್ಲೆ ಎಂದರು. ಮರ್ಯಾದಸ್ಥರ ಮನೆಯ ಹುಡುಗಿಯರು ಸಿನಿಮಾದ ಕಡೆ ತಲೆ ಹಾಕದ ಕಾಲ ಅದು. ಭವನಾನಿ ಬಿಡಲಿಲ್ಲ. ಕೊನೆಗೆ ಒಪ್ಪಿಕೊಂಡು 1925ರಲ್ಲಿ ‘ವೀರ್ ಬಾಲಾ’ ಚಿತ್ರದಿಂದ ಅವರು ತೆರೆಗೆ ಬಂದರು. ಅಲ್ಲಿ ಎಲ್ಲವೂ ತಿರುವುಮುರುವು. ಈಗ ಊರೂರಿನ ಜನ ಆ ಮುಖ ಕಂಡರು. ದನಿ ಮಾತ್ರ ಒಬ್ಬರಿಗೂ ಕೇಳಿಸಲಿಲ್ಲ.

ಅದಕ್ಕೆ 12 ವರ್ಷ ಹಿಂದೆ, 1913ರಲ್ಲಿ, ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ಕ್ಕೆ ತಾರಾಮತಿಯಾಗಲು ಒಬ್ಬ ಹೆಣ್ಣುಮಗಳೂ ಮುಂದೆ ಬಂದಿರಲಿಲ್ಲ. ಖಾನಾವಳಿಯೊಂದರಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಯುವಕ ಸೀರೆ ಉಟ್ಟು ಆ ಪಾತ್ರ ಮಾಡಿದ. ಅದೇ ವರ್ಷ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿ ಬಾಗಿಲು ತೆರೆದರೂ, ಹಿಂದೆಯೇ ಬಂದವರು ಕಡಿಮೆ. ಆ ಬಾಗಿಲಿನಿಂದ ಧೈರ್ಯವಾಗಿ ಒಳಗೆ ಬಂದವರಲ್ಲಿ ಯಹೂದಿ ಮತ್ತು ಆಂಗ್ಲೋ-ಇಂಡಿಯನ್ ಹೆಣ್ಣುಮಕ್ಕಳು ಬಹಳ. ರೆನೀ ಸ್ಮಿತ್ ಎಂಬಾಕೆ ಸೀತಾದೇವಿಯಾದರು, ರೂಬಿ ಮೈಯರ್ಸ್ ಸುಲೋಚನಾ ಆದರು. ಅವರಿಗೆ ಹಿಂದೂಸ್ತಾನಿ ಎಷ್ಟು ಬರುತ್ತದೆ ಎಂದು ಕೇಳುವ ಅಗತ್ಯವೇ ಕಂಪನಿಗಳಿಗೆ ಇರಲಿಲ್ಲ.

ಸುಲೋಚನಾ ಏನೇನಾದರು ನೋಡಿ. ‘ಟೈಪಿಸ್ಟ್ ಗರ್ಲ್’ನಲ್ಲಿ ಆಫೀಸಿನ ಹುಡುಗಿ. ‘ಇಂದಿರಾ ಬಿ.ಎ.’ಯಲ್ಲಿ ಕಾಲೇಜು ಕಲಿತವಳು. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಒಬ್ಬರೇ ಎಂಟು ವೇಷ ತೊಟ್ಟರು: ಪೊಲೀಸು, ತೋಟದ ಮಾಲಿ, ಬಾಳೆಹಣ್ಣು ಮಾರುವವಳು, ಹೈದರಾಬಾದಿನ ಸಾಹೇಬ, ಹೊಂಗೂದಲ ಯುರೋಪಿಯನ್ ಮಹಿಳೆ, ಹೀಗೆ. ಮುಂಬಯಿ ಗವರ್ನರಿಗೂ ಅಷ್ಟು ಸಂಬಳವಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಲೆಕ್ಕ ಏನೇ ಹೇಳಲಿ, ಅದನ್ನು ನಂಬುವಷ್ಟು ಬೆರಗು ಜನರಲ್ಲಿತ್ತು.

ಈ ಬೆರಗಿನ ಗುಟ್ಟು ಬರೀ ಚೆಲುವಿನಲ್ಲಿ ಇತ್ತೆಂದು ನನಗೆ ತೋರುವುದಿಲ್ಲ. ಮೂಕಿಯ ಕಾಲದ ಟೆಂಟನ್ನು ಸ್ವಲ್ಪ ನೆನೆಯೋಣ. ಎದುರಿಗೆ ಹಾರ್ಮೋನಿಯಂ, ತಬಲಾ. ದೃಶ್ಯಗಳ ನಡುನಡುವೆ ಎರಡೋ ಮೂರೋ ಲಿಪಿಗಳಲ್ಲಿ ಬರೆದ ಫಲಕಗಳು. ಓದು ಬಲ್ಲವನು ಪಕ್ಕದವನಿಗೆ ಗಟ್ಟಿಯಾಗಿ ಓದಿ ಹೇಳಬೇಕು; ಹೇಳುವಾಗ ತನ್ನದೊಂದು ಒಗ್ಗರಣೆಯನ್ನೂ ಸೇರಿಸಬೇಕು. ತೆರೆಯ ಮೇಲೆ ಅನಾರ್ಕಲಿಯ ತುಟಿ ಅಲುಗುತ್ತದೆ. ಗುಜರಾತಿಯವನಿಗೆ ಅವಳು ಗುಜರಾತಿಯಲ್ಲಿ ಅಳುತ್ತಾಳೆ, ತಮಿಳಿನವನಿಗೆ ತಮಿಳಿನಲ್ಲಿ. ಕನ್ನಡದವನ ಕಿವಿಯೊಳಗೆ ಅವಳು ಆಡಿದ್ದು ಕನ್ನಡವೇ. ರೂಬಿ ಮೈಯರ್ಸ್ ಕ್ಯಾಮೆರಾದ ಮುಂದೆ ನಿಂತು ಯಾವ ಭಾಷೆಯಲ್ಲಿ ಏನೇ ಅಂದಿರಲಿ, ಅದು ಯಾರಿಗೂ ಬೇಕಾಗಿರಲಿಲ್ಲ. ಪ್ರತಿಯೊಬ್ಬ ಪ್ರೇಕ್ಷಕನೂ ತನ್ನ ಮನೆಯ ಮಾತನ್ನು ಆಕೆಗೆ ಕೊಟ್ಟುಬಿಟ್ಟಿದ್ದ.

ಚಲನಚಿತ್ರ ಎಂಬ ಯಂತ್ರವೇ ಇಂಥ ಕೊಡುಗೆಯ ಮೇಲೆ ನಿಂತಿದೆ. ಫಿಲ್ಮಿನ ಒಂದು ಚಿತ್ರ ಸರಿದು ಇನ್ನೊಂದು ಬಂದು ನಿಲ್ಲುವಷ್ಟರಲ್ಲಿ ಪ್ರೊಜೆಕ್ಟರಿನ ಶಟರ್ ಬೆಳಕನ್ನು ತಡೆಯುತ್ತದೆ. ಅಂದರೆ ಫಿಲ್ಮಿನ ಕಾಲದಲ್ಲಿ ಚಿತ್ರಮಂದಿರದಲ್ಲಿ ಕೂತ ಹೊತ್ತಿನ ಒಂದು ದೊಡ್ಡ ಪಾಲು ನಾವು ನೋಡುತ್ತಿದ್ದದ್ದು ಬರಿಯ ಕತ್ತಲನ್ನು. ಬಿಡಿಬಿಡಿಯಾಗಿ ನಿಂತ ಚಿತ್ರಗಳನ್ನು ಹೊಲಿದು ನಡಿಗೆಯನ್ನೂ ಕುಣಿತವನ್ನೂ ಮಾಡುವುದು ನೋಡುವವನ ಮನಸ್ಸು. ಕಣ್ಣು ಕತ್ತಲನ್ನು ತುಂಬಿಕೊಂಡ ಹಾಗೆಯೇ ಕಿವಿ ಮೌನವನ್ನೂ ತುಂಬಿಕೊಂಡಿತು. ಅನಾರ್ಕಲಿಯ ಅರ್ಧ ಮುಂಬಯಿಯ ಸ್ಟುಡಿಯೋದಲ್ಲಿ ತಯಾರಾಗಿತ್ತು. ಉಳಿದರ್ಧವನ್ನು ಟಿಕೆಟ್ ಕೊಂಡವನೇ ಮಾಡಿಕೊಂಡ. ತಾನೂ ಕೈ ಹಚ್ಚಿದ್ದರಿಂದಲೇ ಅವನಿಗೆ ಆಕೆ ಅಷ್ಟು ತನ್ನವಳಾದಳು.

ಇದೇ ಭವನಾನಿ 1930ರ ಸುಮಾರಿಗೆ ‘ಮೃಚ್ಛಕಟಿಕ’ವನ್ನು ಆಧರಿಸಿ ‘ವಸಂತಸೇನಾ’ ಎಂಬ ಮೂಕಿಯನ್ನು ತೆಗೆದರು. ಅದರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ನಟಿಸಿದರು, ನಮ್ಮ ಟಿ.ಪಿ. ಕೈಲಾಸಂ ಕೂಡ ನಟಿಸಿದರು. ಮಾತಿನಿಂದಲೇ ಸಭೆಯನ್ನು ನಗಿಸಿ ಅಳಿಸುತ್ತಿದ್ದ ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ! ನೋಡಿದ ಕನ್ನಡಿಗರು ತಾವೇ ಎಂಥೆಂಥ ಕೈಲಾಸಂ ಮಾತುಗಳನ್ನು ಆ ತುಟಿಗಳಿಗೆ ಜೋಡಿಸಿಕೊಂಡಿರಬಹುದು ಎಂದು ಊಹಿಸಿದರೆ ಇವತ್ತಿಗೂ ನಗು ಬರುತ್ತದೆ.

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ‘ಆಲಂ ಆರಾ’ ಮಾತಾಡಿತು. ತೆಗೆದವರು ಅರ್ದೇಶಿರ್ ಇರಾನಿ, ಕಂಪನಿ ಇಂಪೀರಿಯಲ್. ಸುಲೋಚನಾ ಯಾವ ಕಂಪನಿಯ ಮಹಾರಾಣಿಯಾಗಿದ್ದರೋ ಅದೇ ಕಂಪನಿ! ಆದರೆ ನಾಯಕಿ ಜುಬೇದಾ. ಮೈಕು ಬಂದ ದಿನವೇ, ಯಾವ ಪ್ರೇಕ್ಷಕನೂ ಕೇಳದಿದ್ದ ಪ್ರಶ್ನೆಯೊಂದು ಎದ್ದು ನಿಂತಿತು: ನಿನ್ನ ಮಾತು ಯಾವುದು? ಆವರೆಗೆ ನೋಡುವವರು ಎಷ್ಟು ಮಂದಿಯೋ ಅಷ್ಟು ದನಿಗಳಿದ್ದ ಹೆಣ್ಣು ಈಗ ಒಂದೇ ಒಂದು ದನಿಯನ್ನು ಕಲಿತು ತರಬೇಕಾಯಿತು.

ಸುಲೋಚನಾ ಕಲಿತರು. ಒಂದು ವರ್ಷ ದೂರ ಉಳಿದು ಹಿಂದೂಸ್ತಾನಿ ರೂಢಿ ಮಾಡಿಕೊಂಡು 1932ರಲ್ಲಿ ‘ಮಾಧುರಿ’ಯೊಂದಿಗೆ ಮರಳಿದರು. ಅದು ಅವರದೇ ಮೂಕಿಯೊಂದರ ಮಾತಿನ ಆವೃತ್ತಿ. ಆಮೇಲೆ ತಮ್ಮ ಹಳೆಯ ಯಶಸ್ಸುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಒಪ್ಪಿಸುವವರಂತೆ ಮತ್ತೆ ನಟಿಸಿದರು. 1929ರ ‘ಇಂದಿರಾ ಬಿ.ಎ.’ 1934ರಲ್ಲಿ ‘ಇಂದಿರಾ ಎಂ.ಎ.’ ಆಯಿತು. 1935ರಲ್ಲಿ ‘ಅನಾರ್ಕಲಿ’, 1936ರಲ್ಲಿ ‘ಬಂಬಯಿ ಕೀ ಬಿಲ್ಲಿ’. ಬಿ.ಎ.ಗೆ ಎಂ.ಎ. ಸೇರಿಸಿದ ಆ ತಮಾಷೆಯಲ್ಲಿ ಒಂದು ಛಲವೂ ಇದೆ. ಪಾಠ ಬಾರದೆಂದು ಹಿಂದಿನ ಬೆಂಚಿಗೆ ಕಳಿಸಿದರೆ ಮೇಲಿನ ಪರೀಕ್ಷೆಯನ್ನೇ ಪಾಸು ಮಾಡಿ ಬಂದವರ ಛಲ. ಜನ ನೋಡಿದರು, ಮೆಚ್ಚಿದರು. ಆದರೆ ಟಾಕಿಯ ಅನಾರ್ಕಲಿಗೆ ಈಗ ಆಕೆಯದೇ ಮಾತು ಇತ್ತು. ಪ್ರೇಕ್ಷಕ ಕೊಡಬೇಕಾದದ್ದು ಏನೂ ಉಳಿದಿರಲಿಲ್ಲ. ಹೊಸ ನಾಯಕಿಯರು ಬಂದಂತೆ ಅವರ ಪಾತ್ರಗಳು ಚಿಕ್ಕವಾಗುತ್ತ ಹೋದವು.

ಹಾಗೆಂದು ಟಾಕಿಯನ್ನು ದೂರಲು ಕನ್ನಡಿಗನಿಗೆ ನಾಲಿಗೆ ಏಳುವುದಿಲ್ಲ. ಸಿನಿಮಾ ಮಾತಾಡಿದ್ದರಿಂದಲೇ ಒಂದೊಂದು ನುಡಿಗೂ ಅದರದೇ ಸಿನಿಮಾ ಬಂತು. 1934ರ ಮಾರ್ಚಿನಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಕನ್ನಡದಲ್ಲಿ ಆಡಿದ್ದನ್ನು ಕೇಳಿ ನಮ್ಮವರು ಪುಲಕಗೊಂಡರು. ಅದನ್ನು ನಿರ್ದೇಶಿಸಿದ ವೈ.ವಿ. ರಾವ್ ಸ್ವತಃ ಮೂಕಿಗಳಲ್ಲಿ ನಟಿಸಿ ಬಂದವರು. ರೂಬಿ ಮೈಯರ್ಸ್ ಅವರಿಗೆ ಯಾವ ಮೈಕು ಅಡ್ಡಗೋಡೆಯಾಯಿತೋ ಅದೇ ಮೈಕು ತ್ರಿಪುರಾಂಬ ಅವರಿಗೆ ಬಾಗಿಲಾಯಿತು. ಲಾಭವೂ ನಷ್ಟವೂ ಒಂದೇ ತಂತಿಯಲ್ಲಿ ಹರಿದು ಬಂದವು.

ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿಗಳಲ್ಲಿ ಪೂರ್ತಿಯಾಗಿಯೋ ತುಣುಕಾಗಿಯೋ ಉಳಿದವು 30ರ ಆಸುಪಾಸು. ಅವನ್ನು ಚಿತ್ರಿಸಿದ್ದ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಉರಿಯುವಂಥದು. ಸುಮ್ಮನೆ ಇಟ್ಟರೂ ಕರಗಿ ಪುಡಿಯಾಗುವಂಥದು. ಎಷ್ಟೋ ರೀಲುಗಳನ್ನು ಅದರಲ್ಲಿನ ಬೆಳ್ಳಿಗಾಗಿ ತೊಳೆದು ಮುಗಿಸಿದರು. ಸುಲೋಚನಾ ಹುಟ್ಟಿದ ಪುಣೆಯಲ್ಲೇ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾದದ್ದು 1964ರಲ್ಲಿ; ಅಷ್ಟರೊಳಗೆ ಮೂಕಿಗಳು ಬಹುತೇಕ ಇಲ್ಲವಾಗಿದ್ದವು. 1973ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ ಆ ಗೌರವಕ್ಕೆ ಆಧಾರವಾಗಿ ರೀಲುಗಳಿಗಿಂತ ಹೆಚ್ಚಾಗಿ ಇದ್ದದ್ದು ನೋಡಿದವರ ನೆನಪು. ಆಮೇಲೂ ಅವರು ಕೆಲಸ ಬಿಡಲಿಲ್ಲ. 1975ರ ‘ಜೂಲಿ’ಯಲ್ಲೂ ಇದ್ದಾರೆ. 1983ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಈಗ ಒಂದು ಚಿತ್ರವನ್ನು ಇಡೀ ದೇಶಕ್ಕೆ ಮುಟ್ಟಿಸಬೇಕಾದರೆ ಐದು ಭಾಷೆಗಳಲ್ಲಿ ಡಬ್ ಮಾಡಬೇಕು, ಐದು ಕಂಠಗಳನ್ನು ಹುಡುಕಬೇಕು. ಅಷ್ಟಾದರೂ ತುಟಿಗೂ ಮಾತಿಗೂ ತಾಳೆಯಾಗಲಿಲ್ಲ ಎಂದು ನಾವು ಮೂಗು ಮುರಿಯುತ್ತೇವೆ. 1928ರ ಪ್ರೇಕ್ಷಕ ಮೂಗು ಮುರಿಯಲಿಲ್ಲ, ಏಕೆಂದರೆ ಡಬ್ಬಿಂಗ್ ಮಾಡಿದವನು ಅವನೇ. ಅಪರಿಚಿತ ಮನೆತನದ, ಬೇರೆ ಧರ್ಮದ, ತನ್ನ ನುಡಿಯ ಒಂದಕ್ಷರವೂ ಬಾರದ ಹುಡುಗಿಯೊಬ್ಬಳಿಗೆ ಕಾಸೂ ಕೇಳದೆ ತನ್ನ ತಾಯಿನುಡಿಯನ್ನು ಅವನು ಕಡ ಕೊಟ್ಟಿದ್ದ. ಸುಲೋಚನಾರ ಬದುಕಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸುವುದು ಆ ಔದಾರ್ಯ. ಅದು ಆಕೆಯ ಪ್ರತಿಭೆಯೂ ಹೌದು, ಅಷ್ಟೇ ಮಟ್ಟಿಗೆ ಟೆಂಟಿನ ನೆಲದ ಮೇಲೆ ಕೂತ ಆ ಹೆಸರಿಲ್ಲದವರ ಪ್ರತಿಭೆಯೂ ಹೌದು. ಫಾಲ್ಕೆ ಪ್ರಶಸ್ತಿಯಲ್ಲಿ ಒಂದು ಪಾಲು ಅವರಿಗೂ ಸಲ್ಲಬೇಕಿತ್ತು.