‘ಹೆತ್ತವರಿಗೆ ಹೆಗ್ಗಣ ಮುದ್ದು’: ಆ ‘ಗೆ’ ಹೇಳುವ ಮಾತು

ಪಂಚಮಿ ಹಬ್ಬದ ಮಧ್ಯಾಹ್ನ. ಗಿಣಿಗೇರಾದ ನಮ್ಮ ಓಣಿಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಹತ್ತು ವರ್ಷದ ಹುಡುಗನೊಬ್ಬ ಎಷ್ಟು ಹೊತ್ತಾದರೂ ಇಳಿಯಲೊಲ್ಲ. ತನ್ನ ಪಾಳಿಗಾಗಿ ಕಾದು ಕಾದು ಸಾಕಾದ ಸಣ್ಣ ಹುಡುಗಿಯೊಬ್ಬಳು ಹಗ್ಗ ಹಿಡಿದಳು. ಅವನು ಕಾಲಿನಿಂದ ದೂಡಿದ. ಹುಡುಗಿ ಕಲ್ಲಿನ ಮೇಲೆ ಬಿದ್ದು ಮೊಣಕೈ ತರಚಿಕೊಂಡಳು. ಆಕೆಯ ಅಜ್ಜಿ ಕಟ್ಟೆಯಿಂದ ಎದ್ದು, ‘ಎಂಥಾ ತಪ್ಪು ಕೆಲಸ ಮಾಡಿದೆಲೇ’ ಎಂದಳು. ಹುಡುಗನ ತಾಯಿ ಬಾಗಿಲಲ್ಲೇ ನಿಂತು, ‘ನನ್ನ ಮಗ ಅಂಥಾಂವಲ್ಲ ಯವ್ವಾ, ಹುಡುಗಾಟದಾಗ ಆಗೇತಿ’ ಎಂದಳು. ಅಜ್ಜಿ ಮತ್ತೆ ಕಟ್ಟೆಗೆ ಕೂತು ಯಾರ ಮುಖವನ್ನೂ ನೋಡದೆ ಒಂದೇ ಮಾತು ಆಡಿದಳು: ‘ಹೆತ್ತವ್ರಿಗೆ ಹೆಗ್ಗಣ ಮುದ್ದ.’

ಈ ಗಾದೆಗೆ ಇನ್ನೊಂದು ತುಂಡೂ ಉಂಟು: ಕಟ್ಟಿಕೊಂಡವರಿಗೆ ಕೋಡಗ ಮುದ್ದು. ಮೇಲುನೋಟಕ್ಕೆ ಇದರ ಅರ್ಥ ಸರಳ. ಒಳ್ಳೆಯದು, ಕೆಟ್ಟದ್ದು, ಚೆಲುವು, ಕುರೂಪ ಎಲ್ಲವೂ ನೋಡುವವರ ಕರುಳಿನಲ್ಲಿವೆ. ಕರುಳು ಬದಲಾದರೆ ತೀರ್ಪೂ ಬದಲಾಗುತ್ತದೆ. ಬಹಳ ಜನ ಗಾದೆಯನ್ನು ಇಲ್ಲಿಗೇ ಬಿಡುತ್ತಾರೆ. ಹಾಗೆ ಬಿಟ್ಟರೆ ಅಜ್ಜಿಯ ‘ತಪ್ಪು’, ತಾಯಿಯ ‘ಅಂಥಾಂವಲ್ಲ’ ಎರಡೂ ಎರಡು ಮಮತೆಗಳ ಸದ್ದು ಮಾತ್ರ. ಒಬ್ಬಳದು ಮೊಮ್ಮಗಳ ಮೇಲಿನದು, ಇನ್ನೊಬ್ಬಳದು ಮಗನ ಮೇಲಿನದು. ಯಾರು ಸರಿ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಹೀಗೆಂದು ತತ್ವಶಾಸ್ತ್ರದಲ್ಲಿ ನೇರವಾಗಿ ವಾದಿಸಿದವರಿದ್ದಾರೆ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲೇ ಕೇಳಿದ್ದ: ಒಂದು ಕೊಲೆಯನ್ನು ಎಲ್ಲ ಕಡೆಯಿಂದ ತಿರುವಿ ನೋಡಿ, ಅದರಲ್ಲಿ ಕೆಡುಕು ಎಂಬ ವಸ್ತು ಎಲ್ಲಿದೆ? ಅದು ಸಿಗುವುದು ನಿಮ್ಮ ಎದೆಯೊಳಗಿನ ಅಸಹ್ಯದಲ್ಲಿ ಮಾತ್ರ ಎಂಬುದು ಅವನ ಉತ್ತರ. 1936ರಲ್ಲಿ ಇಂಗ್ಲೆಂಡಿನ ಎ. ಜೆ. ಏಯರ್, ಆಗಿನ್ನೂ 25ರ ಹರೆಯದವನು, ಇದನ್ನು ತುದಿಗೆ ಒಯ್ದ. ‘ಕದಿಯುವುದು ತಪ್ಪು’ ಎಂಬ ಮಾತು ನಿಜವೂ ಅಲ್ಲ, ಸುಳ್ಳೂ ಅಲ್ಲ. ಅದು ಉದ್ಗಾರ ಅಷ್ಟೇ ಎಂದ. ನಮ್ಮ ಕಡೆಯ ಮಾತಿನಲ್ಲಿ ಹೇಳಿದರೆ, ನೀತಿಯೆಲ್ಲ ‘ಛೀ’ ಮತ್ತು ‘ಭೇಷ್’. ‘ಛೀ’ ಎಂದವನನ್ನು ‘ನೀನು ಹೇಳಿದ್ದು ಸುಳ್ಳು’ ಎನ್ನಲಾದೀತೆ?

ಆಗದು, ನಿಜ. ಆದರೆ ಗಾದೆಯನ್ನು ಇನ್ನೊಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಹೆತ್ತವರಿ-ಗೆ ಮುದ್ದು. ಕನ್ನಡದಲ್ಲಿ ಭಾವನೆಗೆ ಸಾಮಾನ್ಯವಾಗಿ ಈ ‘ಗೆ’ ಬೇಕು. ನನಗೆ ಸಿಟ್ಟು, ಅವಳಿಗೆ ಬೇಸರ, ಅವರಿಗೆ ಇಷ್ಟ. ಹಸಿವು, ನಿದ್ದೆ, ನೋವು, ಮುದ್ದು, ಇವೆಲ್ಲ ಯಾರಿಗೋ ಆಗುವಂಥವು. ‘ತಪ್ಪು’ ಹಾಗಲ್ಲ. ‘ಅವನು ಮಾಡಿದ್ದು ನನಗೆ ತಪ್ಪು’ ಎಂದರೆ ನಮ್ಮ ಕಿವಿ ಒಪ್ಪುವುದಿಲ್ಲ. ‘ತಪ್ಪು’ ಅನ್ನುತ್ತೇವೆ, ಇಲ್ಲವೇ ‘ನನಗೆ ತಪ್ಪು ಅನ್ನಿಸಿತು’ ಅನ್ನುತ್ತೇವೆ. ಎರಡನೆಯದು ಮೊದಲನೆಯದಕ್ಕಿಂತ ಹಿಂಜರಿದ ಮಾತು ಎಂದು ಎಲ್ಲರಿಗೂ ಗೊತ್ತು. ‘ಮಾಡಬಾರದು’ ಎಂಬ ಕ್ರಿಯಾಪದವನ್ನೇ ನೋಡಿ. ಅದು ನಾನು, ನೀನು, ಅವಳು ಯಾರಿಗೂ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ನಿನಗಿದು ತರವೇ’ ಎಂದು ಕೇಳುವುದುಂಟಲ್ಲ ಎಂದು ಯಾರಾದರೂ ತಡೆಯಬಹುದು. ಅಲ್ಲಿಯ ‘ಗೆ’ ಅವನ ರುಚಿಯನ್ನು ಕೇಳುತ್ತಿಲ್ಲ. ಅವನ ಯೋಗ್ಯತೆಗೆ ಆ ಕೆಲಸ ಒಪ್ಪುತ್ತದೆಯೇ ಎಂದು ಕೇಳುತ್ತಿದೆ.

ಇನ್ನು ಹೆಗ್ಗಣ. ಗಾದೆಯ ಕಸುವು ಇರುವುದೇ ಅದರಲ್ಲಿ. ಮುದ್ದು ಹೆತ್ತವರಿಗೆ ಮಾತ್ರ. ಹೆಗ್ಗಣ ಹೆತ್ತವರಿಗೂ ಹೆಗ್ಗಣ, ಓಣಿಗೂ ಹೆಗ್ಗಣ. ಗಾದೆ ಆಡಿದವರು ‘ನಿನಗೆ ಹಾಗೆ ಕಾಣುತ್ತೆ, ನನಗೆ ಹೀಗೆ ಕಾಣುತ್ತೆ, ಇಬ್ಬರೂ ಸರಿ’ ಎನ್ನುವುದಿಲ್ಲ. ‘ಮಮತೆ ನಿನ್ನ ಕಣ್ಣು ಮುಚ್ಚಿದೆ, ಮುಂದೆ ಇರುವುದನ್ನು ನೋಡು’ ಎನ್ನುತ್ತಾರೆ. ನೋಡಲು ಏನೂ ಇಲ್ಲದಿದ್ದರೆ ಕಣ್ಣು ಮುಚ್ಚಿದೆ ಎಂದು ಆರೋಪಿಸುವುದು ಹೇಗೆ? ಕರುಳೇ ಎಲ್ಲ ಎನ್ನುವ ಹಾಗೆ ಕಾಣುವ ಈ ಗಾದೆ, ಕರುಳು ತಪ್ಪು ಮಾಡಬಲ್ಲದು ಎಂಬ ಎಚ್ಚರವನ್ನೇ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ಪೀಟರ್ ಗೀಚ್ ಎಂಬ ತರ್ಕಶಾಸ್ತ್ರಜ್ಞ ಏಯರನ ಮಾತಿನ ದಾರಿಗೆ ಒಡ್ಡಿದ ತೊಡಕೂ ಇದೇ ಊರಿನದು. ‘ಕದಿಯುವುದು ತಪ್ಪಾದರೆ ತಮ್ಮನಿಂದ ಕದಿಸುವುದೂ ತಪ್ಪು’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ‘ತಪ್ಪು’ ಬರೀ ‘ಛೀ’ ಆಗಿದ್ದರೆ ಅದನ್ನು ‘ಆದರೆ’ ಜೊತೆ ಕಟ್ಟಲು ಬರುತ್ತಿರಲಿಲ್ಲ.

ಭಾಷೆಯ ಸಾಕ್ಷಿ ಇಷ್ಟಿದ್ದರೂ ನನಗೆ ಅದರಿಂದ ನೆಮ್ಮದಿ ಸಿಗಲಿಲ್ಲ. ನೆಮ್ಮದಿ ಕೆಡಿಸಿದ್ದು ಇನ್ನೊಂದು ಪದ: ಮೈಲಿಗೆ.

2021ರ ಸೆಪ್ಟೆಂಬರ್ 4. ನಮ್ಮ ಕೊಪ್ಪಳ ಜಿಲ್ಲೆಯದೇ ಕುಷ್ಟಗಿ ತಾಲ್ಲೂಕು, ಹನುಮಸಾಗರದ ಕಡೆಯ ಮಿಯಾಪುರ. ದಲಿತ ಕುಟುಂಬದ ಪುಟ್ಟ ಮಗುವಿನ ಹುಟ್ಟುಹಬ್ಬ. ದೇವರಿಗೆ ಕೈಮುಗಿಸಲು ತಂದೆ ಆಂಜನೇಯನ ಗುಡಿಯ ಮುಂದೆ ನಿಂತಿದ್ದಾಗ ಮಳೆ ಬಂತು. ಮಗು ಗುಡಿಯೊಳಗೆ ಓಡಿತು. ಒಂದು ವಾರದ ಮೇಲೆ ಊರ ಹಿರಿಯರೆನಿಸಿಕೊಂಡವರು ಸೇರಿ, ಗುಡಿ ಶುದ್ಧಿ ಮಾಡಿಸಲು 25,000 ರೂಪಾಯಿ ಕೊಡಬೇಕೆಂದು ಆ ಕುಟುಂಬಕ್ಕೆ ಹೇಳಿದರು. ಸುದ್ದಿ ಹೊರಬಿತ್ತು. ಅಧಿಕಾರಿಗಳು ಊರಿಗೆ ಬಂದರು, ಪ್ರಕರಣ ದಾಖಲಾಗಿ ಐವರ ಬಂಧನವಾಯಿತು.

‘ಗುಡಿ ಮೈಲಿಗೆ ಆತು’ ಎಂಬ ಮಾತಿನಲ್ಲಿ, ಯಾರಿಗೆ ಹಾಗನ್ನಿಸಿತು ಎಂದು ಹೇಳುವ ಆ ‘ಗೆ’ ಇಲ್ಲ. ‘ನಮಗೆ ಹೇಸಿಕೆ’ ಎಂದು ಅವರು ಹೇಳಲಿಲ್ಲ. ಗುಡಿಗೆ ಏನೋ ಆಗಿದೆ ಎಂದರು, ಕಲ್ಲು ಒಡೆದಷ್ಟೇ ಖಚಿತವಾಗಿ. ತಲೆಮಾರುಗಳಿಂದ ಕಲಿಸಿದ ಒಂದು ಹೇಸಿಕೆ ಸಂಗತಿಯ ಅಂಗಿ ತೊಟ್ಟು ಕೂತಿತ್ತು. ಮೋಸ ಮಾಡಬೇಕೆಂದು ಆಡಿದ ಮಾತಲ್ಲ ಅದು; ಅವರ ಭಾವನೆ ನಿಜವಾಗಿಯೂ ಅಷ್ಟು ಗಟ್ಟಿಯಾಗಿತ್ತು, ಅದೇ ಭಯ ಹುಟ್ಟಿಸುವುದು. ವ್ಯಾಕರಣ ನಂಬಿ ನೀತಿ ಕಟ್ಟಹೊರಟವನಿಗೆ ಮಿಯಾಪುರ ದೊಡ್ಡ ಪಾಠ. ‘ಗೆ’ ಇಲ್ಲದ ಮಾತೆಲ್ಲ ಸತ್ಯವಲ್ಲ.

ಹಾಗಾದರೆ ‘ಮೈಲಿಗೆ’ ಎಂಬ ಮಾತಿಗೂ, ಆ ದಂಡ ಕೇಳಿ ಕರ್ನಾಟಕದ ತುಂಬ ಜನ ಆಡಿದ ‘ಅನ್ಯಾಯ’ ಎಂಬ ಮಾತಿಗೂ ಏನು ವ್ಯತ್ಯಾಸ? ಎರಡೂ ಭಾವನೆಯಿಂದ ಬಿಸಿಯಾದ ಮಾತುಗಳೇ. ನನಗೆ ಕಾಣುವ ವ್ಯತ್ಯಾಸ ಇದು: ಎರಡನ್ನೂ ಪ್ರಶ್ನೆ ಕೇಳಿ ನೋಡಬೇಕು. ಮೈಲಿಗೆಯನ್ನು ಕೇಳಿ: ಯಾರಿಗೆ ಏನಾಯಿತು? ಮಗು ಒಳಗೆ ಬಂದದ್ದರಿಂದ ಯಾವ ಕಲ್ಲು ಬಿರುಕುಬಿಟ್ಟಿತು? ಅದೇ ಮಳೆಗೆ ಮೇಲ್ಜಾತಿಯ ಮಗು ಓಡಿ ಬಂದಿದ್ದರೆ? ಮೈಲಿಗೆ ಉತ್ತರಿಸುವುದಿಲ್ಲ, ‘ನಮ್ಮ ಕಡೆ ಹಿಂಗ’ ಎನ್ನುತ್ತದೆ. ಅನ್ಯಾಯವನ್ನು ಕೇಳಿ: ಯಾರಿಗೆ ಏನಾಯಿತು? ಉತ್ತರ ಒಂದರ ಹಿಂದೆ ಒಂದು ಬರುತ್ತದೆ. ಹುಟ್ಟುಹಬ್ಬದ ದಿನ ಮಳೆಯಿಂದ ತಪ್ಪಿಸಿಕೊಂಡ ಮಗುವಿನ ಓಟವೇ ಅಪರಾಧವಾಯಿತು. ದುಡಿದು ತಿನ್ನುವ ಮನೆಗೆ 25,000 ಎಂದರೆ ಎಷ್ಟು ತಿಂಗಳ ಕೂಲಿ, ಲೆಕ್ಕ ಹಾಕಬಹುದು. ದಂಡ ಹಾಕಿದವರ ಮಗುವೇ ಆ ಜಾಗದಲ್ಲಿದ್ದರೆ ಅವರೇ ಒಪ್ಪುತ್ತಿರಲಿಲ್ಲ. ‘ಅನ್ಯಾಯ’ ಎಂಬುದರಲ್ಲಿ ಭಾವನೆ ಇದೆ, ಆದರೆ ಆ ಭಾವನೆ ತನ್ನ ಆಚೆಗಿರುವ ಯಾವುದನ್ನೋ ಬೆರಳಿಟ್ಟು ತೋರಿಸುತ್ತದೆ.

ಕಾನೂನು ಇದೆ ಎಂಬ ಕಾರಣಕ್ಕೆ ಅದು ತಪ್ಪಾಯಿತು ಎನ್ನುವವರಿದ್ದಾರೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು, ಸಂವಿಧಾನ 1950ರ ಜನವರಿ 26ರಂದು ಜಾರಿಯಾಯಿತು. ಜನವರಿ 25ರ ರಾತ್ರಿ ನಮ್ಮೂರಿನ ಕೇರಿಯಲ್ಲಿ ಬಾವಿಯ ನೀರು ಸಿಗದೆ ಮಲಗಿದವರಿಗೆ ಆಗುತ್ತಿದ್ದದ್ದು ಸರಿಯಾಗಿತ್ತೆ? ನಿಜಾಮರ ಕಾಲದಲ್ಲಿ ಸರಿಯಾಗಿತ್ತೆ? ತಪ್ಪು ಮೊದಲೇ ಇತ್ತು. ವಿಧಿ ಅದನ್ನು ಬರೆದುಕೊಂಡಿತು.

ತಪ್ಪು ಎಂಬುದು ಬರೀ ಭಾವನೆಯೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ತತ್ವಜ್ಞಾನಿ ಫಿಲಿಪಾ ಫುಟ್ ಬಂದದ್ದು 1945ರಲ್ಲಿ, ನಾತ್ಸಿ ಶಿಬಿರಗಳ ಚಿತ್ರಗಳನ್ನು ನೋಡಿ. ಕೊಂದವರದು ಒಂದು ಮನೋಭಾವ, ನಮ್ಮದು ಇನ್ನೊಂದು, ಇದರಾಚೆ ಹೇಳಲು ಏನೂ ಇಲ್ಲ ಎಂಬುದನ್ನು ಆಕೆಗೆ ನುಂಗಲಾಗಲಿಲ್ಲ. ಮನುಷ್ಯನಿಗೆ ಏನು ಹಿತ, ಏನು ಹಾನಿ ಎಂಬ ಸಂಗತಿಗಳಲ್ಲೇ ಒಳಿತು ಕೆಡುಕುಗಳ ಬೇರು ಇದೆ ಎಂದು ಆಕೆ ಮುಂದೆ ಬದುಕಿಡೀ ವಾದಿಸಿದಳು. ನನಗೂ ನುಂಗಲಾಗುವುದಿಲ್ಲ. ಮಿಯಾಪುರದ ತಂದೆಯ ಮುಂದೆ ನಿಂತು ‘ಅವರಿಗೆ ಹಾಗನ್ನಿಸಿತು, ನಿನಗೆ ಹೀಗನ್ನಿಸಿತು’ ಎಂದು ಹೇಳುವ ಧೈರ್ಯ ಯಾವ ತತ್ವಜ್ಞಾನಿಗೆ ಇದೆ?

ಎಲ್ಲ ತೀರ್ಪೂ ಇಷ್ಟು ನಿಚ್ಚಳವಾಗಿರುವುದಿಲ್ಲ ಎಂಬುದನ್ನು ಗಿಣಿಗೇರಾದವನಾದ ನಾನು ಮರೆಯಲಾರೆ. ನಮ್ಮ ರೈಲ್ವೆ ಜಂಕ್ಷನ್ನಿನ ಸುತ್ತ ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಗಳ ಚಿಮಣಿಗಳು ಎದ್ದು ನಿಂತಿವೆ. 2025ರ ಫೆಬ್ರುವರಿ 24ರಂದು ಹೊಸ ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ಆದಾಗ ಗವಿಮಠದ ಸ್ವಾಮಿಗಳ ಜೊತೆ ಸಾವಿರಾರು ಜನ ಬೀದಿಗಿಳಿದರು. ಅದೇ ವೇಳೆ ಕಾರ್ಖಾನೆಯ ಪಗಾರದಿಂದ ಒಲೆ ಹೊತ್ತಿಸುವ ಮನೆಗಳೂ ನಮ್ಮ ಓಣಿಯಲ್ಲಿವೆ; ನನ್ನ ಓದು ಮುಗಿದದ್ದೂ ಅಂಥ ಒಂದು ಪಗಾರದಿಂದಲೇ. ಅನ್ನ ಕೊಟ್ಟದ್ದರ ಮೇಲೆ ಮಮತೆ ಇರುತ್ತದೆ, ಅದು ನಾಚಿಕೆಪಡುವ ವಿಷಯವೂ ಅಲ್ಲ. ಆದರೆ ಆ ಮಮತೆ ಧೂಳನ್ನು ಒರೆಸಿಬಿಡುವುದಿಲ್ಲ. ಲೆಕ್ಕ ಕಷ್ಟದ್ದು ಎಂದ ಮಾತ್ರಕ್ಕೆ ಲೆಕ್ಕವೇ ಇಲ್ಲ ಎಂದಾಗುವುದಿಲ್ಲ. ಎಷ್ಟು ಕೂಲಿ, ಎಷ್ಟು ಕೆಮ್ಮು, ಯಾರ ಹೊಲ, ಯಾರ ಎದೆ, ಹಗಲು ಕಾಣದ ಹೊಗೆ ರಾತ್ರಿ ಯಾಕೆ ದಟ್ಟವಾಗುತ್ತದೆ: ಕೇಳಬೇಕಾದದ್ದು ಇವನ್ನು.

ಆ ಪಂಚಮಿಯ ದಿನ ಹುಡುಗನ ತಾಯಿ ಕಡೆಗೆ ಬಾಗಿಲಿನಿಂದ ಇಳಿದು ಬಂದಳು. ಹುಡುಗಿಯ ತೋಳು ಹಿಡಿದು ಬೆಳಕಿಗೆ ತಿರುಗಿಸಿದಳು. ತರಚಿದ ಚರ್ಮದೊಳಗೆ ಸಣ್ಣ ಸಣ್ಣ ಹರಳು ಕೂತಿದ್ದವು, ಅದರ ಸುತ್ತ ನೆತ್ತರು ಜಿನುಗುತ್ತಿತ್ತು. ಆಕೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಮಗನ ಮೇಲಿನ ಮಮತೆ ಆಗಲೂ ಕಡಿಮೆ ಆಗಿರಲಾರದು. ‘ಬಾರಲೇ ಇಲ್ಲೆ’ ಎಂದು ಮಗನನ್ನು ಕರೆದಳು, ಒಳಗೆ ಹೋಗಿ ನೀರು ಮತ್ತು ಅರಿಶಿನ ತಂದಳು. ಗಾಯ ತೊಳೆಯುವಾಗ ಮಗನ ತಲೆಯನ್ನು ಇನ್ನೊಂದು ಕೈಯಿಂದ ಮೊಣಕೈಯ ಹತ್ತಿರಕ್ಕೆ ಬಗ್ಗಿಸಿ ಹಿಡಿದಿದ್ದಳು.

ಅದೇ ದಿನ ನಮ್ಮ ಅವ್ವ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದಳು. ಇಳಿಹೊತ್ತಿಗೆ ತೆಗೆಯಲು ಹೋದಾಗ ನಾನೂ ಜೊತೆಗಿದ್ದೆ. ಬಿಳೀ ಸೀರೆಯ ಮೇಲೆ ಬಿಳೀ ಸಂಡಿಗೆ, ಎರಡರ ಮೇಲೂ ತೆಳ್ಳಗೆ ಕಪ್ಪು. ಅವ್ವ ಬೆರಳಿನಿಂದ ಒಮ್ಮೆ ಗೀರಿ, ಆ ಬೆರಳನ್ನು ನನ್ನ ಮುಂದೆ ಹಿಡಿದಳು.

‘ನೋಡಿಲ್ಲೆ’ ಎಂದಳು.