ಮೊದಲ ಮೀನಿನ ಪ್ರಶ್ನೆ

ಚೆನ್ನೈನ ಕೊಳತ್ತೂರಿನಲ್ಲಿ ಬೀದಿಗೆ ಬೀದಿಯೇ ಅಲಂಕಾರಿಕ ಮೀನಿನ ಅಂಗಡಿಗಳು. ಉಪ್ಪುನೀರಿನ ತೊಟ್ಟಿ ಇಡುವವರಲ್ಲಿ ಹಳೆಯ ರೂಢಿಯೊಂದಿದೆ. ಹೊಸ ನೀರಿಗೆ ಮೊದಲು ಒಂದೆರಡು ಡ್ಯಾಮ್ಸೆಲ್ ಮೀನು ಬಿಡುವುದು. ಬೆರಳ ಗೆಣ್ಣಿನುದ್ದದ ನೀಲಿ ಮೀನು. ಗಟ್ಟಿ ಜೀವವೆಂದೇ ಅದಕ್ಕೆ ಈ ಪಾಳಿ.

ಮೀನು ವಿಸರ್ಜಿಸುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡುತ್ತದೆ, ಅದನ್ನು ಇನ್ನೊಂದು ಬಗೆಯದು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುತ್ತದೆ. ಮೊದಲ ಮೀನನ್ನು ಬಿಡುವುದು ಈ ಬ್ಯಾಕ್ಟೀರಿಯಕ್ಕೆ ಊಟ ಒದಗಿಸಲಿಕ್ಕೆ. ಇವು ಕಲ್ಲು, ಮರಳು, ಫಿಲ್ಟರುಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ತನ್ನದೇ ವಿಷದಲ್ಲಿ ಉಸಿರಾಡಬೇಕು. ನೀರು ಬಿಸಿಯಾದಷ್ಟೂ ಅಮೋನಿಯದ ವಿಷ ಏರುತ್ತದೆ. ಚೆನ್ನೈನ ಮೇ ತಿಂಗಳಲ್ಲಂತೂ ಕೇಳುವುದೇ ಬೇಡ. ಮೀನು ಮೇಲಕ್ಕೆ ಬಂದು ಬಾಯಿ ಬಡಿಯುತ್ತದೆ.

ಮೀನನ್ನು ಹೀಗೆ ಬಳಸುವುದು ಹಿಂಸೆಯೇ? ಜೈನ ಗೃಹಸ್ಥಧರ್ಮ ಹಿಂಸೆಯನ್ನು ನಾಲ್ಕು ಬಗೆಯಾಗಿ ನೋಡುತ್ತದೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಒಲೆ ಹಚ್ಚುವಾಗ, ನೆಲ ಗುಡಿಸುವಾಗ ಆಗುವುದು ಆರಂಭೀ. ಸಂಸಾರಿಗೆ ಅದು ಪೂರ್ತಿ ತಪ್ಪದು. ಬೇಕೆಂದೇ ಮಾಡುವುದು ಸಂಕಲ್ಪೀ. ಅದನ್ನು ಸಂಸಾರಿಯೂ ಬಿಡಬೇಕು. ಹಾಗಾದರೆ ಈ ಮೊದಲ ಮೀನು ಯಾವ ಲೆಕ್ಕಕ್ಕೆ? ಕೊಲ್ಲುವ ಮನಸ್ಸು ಯಾರಿಗೂ ಇಲ್ಲ, ನಿಜ. ಆದರೆ ಸತ್ತರೂ ಸರಿ ಎಂದೇ ಅದನ್ನು ಆರಿಸಿದ್ದು. ಬೇರೆ ದಾರಿ ಇಲ್ಲದಿದ್ದರೆ ಆರಂಭೀ ಎನ್ನಬಹುದಿತ್ತು. ದಾರಿ ಇದೆ. ಇದ್ದೂ ಹಿಡಿಯದಿದ್ದರೆ ಅದು ಸಂಕಲ್ಪೀ ಹಿಂಸೆಯ ಹೊಸ್ತಿಲು.

ಆ ದಾರಿ ತೀರ ಸರಳ. ಕಲಾಯಿ ಹಾಕುವವರು ಪಾತ್ರೆಗೆ ತಿಕ್ಕುವ ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಅದರ ಶುದ್ಧ ರೂಪವನ್ನು ಮೀನಿಲ್ಲದ ತೊಟ್ಟಿಗೆ ಅಳೆದು ಹಾಕಿದರೆ ಬ್ಯಾಕ್ಟೀರಿಯಕ್ಕೆ ಊಟವಾಯಿತು. ಅಮೋನಿಯ ಪರೀಕ್ಷೆಯ ನಳಿಕೆಯಲ್ಲಿ ಹಸಿರು ದಿನದಿನಕ್ಕೆ ತಿಳಿಯಾಗಿ ಹಳದಿಗೆ ಇಳಿಯುತ್ತದೆ. ನೈಟ್ರೈಟೂ ಸೊನ್ನೆಗೆ ಬರುವವರೆಗೆ ಬರೀ ನೀರನ್ನು ನೋಡುತ್ತ ಕೂರಬೇಕು. ಕಷ್ಟವಿರುವುದು ಈ ಕಾಯುವುದರಲ್ಲೇ. ಕಡಲಿನ ಹವಳದ ಕಲ್ಲು ತಂದಿಟ್ಟರೆ ಬೇಗ ಆಗುತ್ತದೆ. ಆದರೆ 2001ರಿಂದ ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ ಹವಳ ಕಿತ್ತು ಎಷ್ಟು ಹಾಳಾಯಿತೆಂದು ತಮಿಳುನಾಡು ಕಂಡಿದೆ.

ಬ್ಯಾಕ್ಟೀರಿಯವೂ ಜೀವವಲ್ಲವೇ ಎಂದರೆ, ಹೌದು, ಅದಕ್ಕೂ ಈ ಪರಂಪರೆಯಲ್ಲಿ ಜಾಗವಿದೆ. ಜೈನ ಮನೆಗಳಲ್ಲಿ ನೀರು ಸೋಸಿದ ಬಟ್ಟೆಯನ್ನು ಕೊಡವಿ ಬಿಸಾಡುವುದಿಲ್ಲ. ಸೋಸಿದ ನೀರಲ್ಲೇ ಜಾಲಾಡಿ, ಅದರಲ್ಲಿ ಸಿಕ್ಕ ಜೀವಗಳನ್ನು ಬಂದ ಬಾವಿಗೇ ಇಳಿಸುತ್ತಾರೆ. ತೊಟ್ಟಿ ಸಾಕುವವರು ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿಗೆ ಹಿಡಿಯುವುದಿಲ್ಲ, ಕ್ಲೋರಿನ್‌ಗೆ ಬ್ಯಾಕ್ಟೀರಿಯ ಸಾಯುತ್ತದೆಂದು. ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತುಂಬಿಕೊಂಡು, ಅದರಲ್ಲಿ ಮೆಲ್ಲಗೆ ಹಿಂಡಿ ಮತ್ತೆ ಇಡುತ್ತಾರೆ.